ಬೆಳಗ್ಗೆ ಒಂದು, ಸಂಜೆ ಎರಡು

ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ ಅವರಿಗೆ ‘ಒತ್ತಕ್ಷರದವರು’ ಎಂಬ ಹೆಸರು ಬಿದ್ದು ಇಪ್ಪತ್ತಾರು ವರ್ಷಗಳಾಗಿದ್ದವು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಬದುಕಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾಲೀಕರದೇ ಮದುವೆ ನಡೆಯಿತು. ಆಹ್ವಾನ ಪತ್ರಿಕೆಯಲ್ಲಿ ವಧುವಿನ ಹೆಸರಿನ ಒಂದು ಒತ್ತು ಬಿಟ್ಟುಹೋಗಿದೆ ಎಂಬುದನ್ನು ಇವರು ಮದುವೆಯ ದಿನವೇ, ಉಡುಗೊರೆ ಕೊಡುವವರ ಸಾಲಿನಲ್ಲಿ ನಿಂತು, ವರನ ಕಿವಿಯಲ್ಲಿ ಹೇಳಿದರು. ವಧುವಿಗೂ ಅದು ಕೇಳಿಸಿತು. ಆ ದಂಪತಿಗಳು ಇವತ್ತಿಗೂ ಜಗಳಕ್ಕೆ ಬೇರೆ ಕಾರಣ ಸಿಗದಿದ್ದಾಗ ಆ ಒತ್ತನ್ನೇ ಎತ್ತಿಕೊಳ್ಳುತ್ತಾರಂತೆ.

ಒತ್ತಕ್ಷರದವರಿಗೆ ಈಗ ಐವತ್ನಾಲ್ಕು, ಮತ್ತು ಅವರಿಗೆ ಕನ್ನಡಕವಿರಲಿಲ್ಲ. ಬದುಕಿನಲ್ಲಿ ಹೆಮ್ಮೆ ಪಡಲು ಬೇರೇನೂ ಒದಗಿ ಬಂದಿರಲಿಲ್ಲವಾದ್ದರಿಂದ ಅವರು ಇದೊಂದನ್ನೇ ಚೆನ್ನಾಗಿ ಬಳಸಿಕೊಂಡಿದ್ದರು. ಔಷಧಿ ಡಬ್ಬದ ಮೇಲಿನ ಸಾಸಿವೆಯಂಥ ಅಕ್ಷರಗಳನ್ನು ಯಾರೂ ಕೇಳದಿದ್ದರೂ ಗಟ್ಟಿಯಾಗಿ ಓದುತ್ತಿದ್ದರು. ಹೆಂಡತಿ ನಲವತ್ತೆರಡಕ್ಕೆ ಕನ್ನಡಕ ಹಾಕಿಕೊಂಡಾಗ “ಮುದುಕಿ ಬಂದ್ಲು, ದಾರಿ ಬಿಡಿ” ಎಂದು ವರ್ಷಗಟ್ಟಲೆ ಆಡಿಕೊಂಡಿದ್ದರು. ಆಕೆ ಆಗೆಲ್ಲ ನಕ್ಕು ಸುಮ್ಮನಾಗುತ್ತಿದ್ದಳು.

ಒಂದು ಭಾನುವಾರ ಬೀದಿಯ ಕೊನೆಯ ಶಾಲೆಯಲ್ಲಿ ಉಚಿತ ಕಣ್ಣು ತಪಾಸಣೆ ಇತ್ತು. ಒತ್ತಕ್ಷರದವರು ಹೋದರು. ತೋರಿಸಿಕೊಳ್ಳಲು ಅಲ್ಲ, ತೋರಿಸಲು. ಕೈಗೆ ಕೊಟ್ಟ ರಟ್ಟಿನ ಕಟ್ಟಕಡೆಯ ಸಾಲನ್ನು ಸರಾಗವಾಗಿ ಓದಿ, ಅದರ ಕೆಳಗೆ ಇರುವೆ ಸಾಲಿನಂತಿದ್ದ ಮುದ್ರಕರ ವಿಳಾಸವನ್ನೂ ಓದಿ, ಅದರಲ್ಲೊಂದು ದೀರ್ಘ ತಪ್ಪಿದೆ ಎಂದು ತೀರ್ಪು ಕೊಟ್ಟರು. ದೂರದ ಹಲಗೆಯ ಅಕ್ಷರ ಸ್ವಲ್ಪ ಮಂಜಾಗಿದೆಯಲ್ಲ ಎಂದು ಡಾಕ್ಟರಮ್ಮ ಕೇಳಿದಾಗ, ದೂರದ್ದು ತಮ್ಮ ಇಲಾಖೆಯಲ್ಲ ಎಂದರು. ಆಕೆ ನಗಲಿಲ್ಲ. ಒಂದು ಯಂತ್ರದ ಮುಂದೆ ಗಲ್ಲ ಇಡಿಸಿ ಎರಡೂ ಕಣ್ಣನ್ನು ಮೂರು ಮೂರು ಸಲ ನೋಡಿದರು. ಮರುದಿನ ತಮ್ಮ ಆಸ್ಪತ್ರೆಗೆ ಕರೆಸಿ, ಕತ್ತಲೆಯ ಪೆಟ್ಟಿಗೆಯೊಂದರಲ್ಲಿ ಮಿಣುಕುವ ಚುಕ್ಕಿಗಳನ್ನು ಕಂಡಾಗಲೆಲ್ಲ ಗುಂಡಿ ಒತ್ತಿ ಎಂದರು. ಒತ್ತಕ್ಷರದವರು ಕಂಡದ್ದಕ್ಕೆಲ್ಲ ಒತ್ತಿದರು. ಕಾಣದೇ ಹೋದದ್ದು ಎಷ್ಟೆಂದು ಅವರಿಗೆ ಹೇಗೆ ಗೊತ್ತಾಗಬೇಕು?

“ಒತ್ತಡ ಜಾಸ್ತಿ ಇದೆ,” ಎಂದರು ಡಾಕ್ಟರಮ್ಮ.

ಕೆಲಸ ಅಂದ ಮೇಲೆ ಒತ್ತಡ ಇದ್ದೇ ಇರುತ್ತದೆ ಎಂದು ಇವರು ಸಮಾಧಾನ ಹೇಳಿದರು.

“ಕಣ್ಣೊಳಗಿನ ಒತ್ತಡ. ಗ್ಲಾಕೋಮಾ ಅಂತಾರೆ. ಇದು ಅಂಚಿನಿಂದ ತಿನ್ಕೊಂಡು ಬರುತ್ತೆ. ನೋಯಲ್ಲ, ಗೊತ್ತೂ ಆಗಲ್ಲ. ಹೋಗಿದ್ದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೋಬೇಕು ಅಂದ್ರೆ ಜೀವನಪೂರ್ತಿ ಹನಿ ಹಾಕ್ಕೋಬೇಕು.”

ಎರಡು ಪುಟ್ಟ ಬಾಟಲಿ ಬರೆದುಕೊಟ್ಟರು. ಬೆಳಗ್ಗೆ ಏಳಕ್ಕೆ ಒಂದರಿಂದ, ಸಂಜೆ ಏಳಕ್ಕೆ ಎರಡರಿಂದಲೂ. ಆಮೇಲೆ ಆಕೆ ಹನಿಯಿಂದ ಏನೇನಾಗಬಹುದು, ಏನಾದರೆ ಬಂದು ಹೇಳಬೇಕು ಎಂದು ಬಹಳ ಹೊತ್ತು ವಿವರಿಸಿದರು. ಒತ್ತಕ್ಷರದವರು ‘ಜೀವನಪೂರ್ತಿ’ ಎಂಬಲ್ಲೇ ನಿಂತುಬಿಟ್ಟಿದ್ದರಿಂದ ಉಳಿದದ್ದೇನೂ ಕಿವಿಗೆ ಬೀಳಲಿಲ್ಲ.

ವಿಷಯವನ್ನು ಯಾರಿಗೂ ಹೇಳಬಾರದೆಂದು ಮನೆ ತಲುಪುವಷ್ಟರಲ್ಲಿ ನಿರ್ಧರಿಸಿದ್ದರು. ಹೆಂಡತಿಗೆ ಹೇಳಿದರೆ ಆಕೆ ಅಣ್ಣನಿಗೆ ಹೇಳದೆ ಇರಲಾರಳು. ಆಕೆಯ ಅಣ್ಣ ನಿವೃತ್ತ ಡ್ರಿಲ್ ಮೇಷ್ಟ್ರು. ಅವರಿಗೆ ಗೊತ್ತಾದದ್ದು ಪೀಪಿ ಊದಿದಂತೆ ಊರಿಗೆಲ್ಲ ಗೊತ್ತಾಗುತ್ತಿತ್ತು, ಮತ್ತು ಅವರು ದಿನವೂ ಪೇಪರು ಓದಲು ಹೋಗಿ ಕೂರುತ್ತಿದ್ದದ್ದು ಮುದ್ರಣಾಲಯದ ಮಾಲೀಕರ ಎದುರಿನ ಕುರ್ಚಿಯಲ್ಲೇ. ಅಂಚಿನಿಂದ ಕಣ್ಣು ಹೋಗುತ್ತಿರುವ ಕರಡು ತಿದ್ದುವವರನ್ನು ಯಾವ ಮಾಲೀಕ ಇಟ್ಟುಕೊಳ್ಳುತ್ತಾನೆ? ಹೀಗೆ ಯೋಚಿಸಿ ಬಾಟಲಿಗಳನ್ನು ಒಂದು ಕಾಲುಚೀಲದೊಳಗೆ ಸೇರಿಸಿ, ಕಾಲುಚೀಲವನ್ನು ಹಳೆಯ ಬೂಟಿನೊಳಗೆ ತುರುಕಿದರು.

ಹನಿಗಳು ತಮ್ಮ ಕೆಲಸವನ್ನು ಮೊದಲ ವಾರದಲ್ಲೇ ಶುರುಮಾಡಿದವು. ಕಣ್ಣು ಕೆಂಪಾಯಿತು. ಕೆಂಪೆಂದರೆ ಅವರು ತಪ್ಪಿಗೆ ಗುರುತು ಹಾಕುವ ಪೆನ್ನಿನಷ್ಟು ಕೆಂಪು. ಹಾಕಿದ ಹನಿ ಗಂಟಲಿಗಿಳಿದು ಬಾಯೆಲ್ಲ ಕಹಿ. ಕಹಿ ಹೋಗಲೆಂದು ಏಲಕ್ಕಿ ಜಗಿಯುವ ಅಭ್ಯಾಸವಾಯಿತು. ನಾಲಿಗೆ ಒಣಗಿ ಮಾತು ತೊದಲಿತು. ಎರಡನೇ ವಾರ ನಾಡಿಯೇ ನಿಧಾನವಾಗಿ, ಮುದ್ರಣಾಲಯದ ಹದಿನೆಂಟು ಮೆಟ್ಟಿಲಲ್ಲಿ ಒಂಬತ್ತನೆಯದರ ಹತ್ತಿರ ಗೋಡೆ ಹಿಡಿದು ನಿಲ್ಲಬೇಕಾಯಿತು. ಮಧ್ಯಾಹ್ನ ಮೂರಾದರೆ ತೂಕಡಿಕೆ. ಕಾರಣವಿಲ್ಲದೆ ಬೇಸರ. ಎರಡು ತಿಂಗಳಾಗುವಷ್ಟರಲ್ಲಿ ರೆಪ್ಪೆಗೂದಲು ಉದ್ದವಾಗಿ ಬೆಳೆದು, ಮೇಲಕ್ಕೆ ಬಾಗಿ, ಕಣ್ಣಿನ ಸುತ್ತ ಕಾಡಿಗೆ ತೀಡಿದಂತೆ ಕಪ್ಪಾಯಿತು. ಈ ಲಕ್ಷಣಗಳನ್ನೆಲ್ಲ ಒಂದು ಹಾಳೆಯ ಮೇಲೆ ಬರೆದು ದಾರಿಹೋಕರ ಕೈಗೆ ಕೊಟ್ಟಿದ್ದರೆ ಅವರು ಕಣ್ಣಿನ ಡಾಕ್ಟರ ಹೆಸರನ್ನಂತೂ ಹೇಳುತ್ತಿರಲಿಲ್ಲ.

ಹೆಂಡತಿ ಎಲ್ಲವನ್ನೂ ಗಮನಿಸುತ್ತಿದ್ದಳು. ದಿನಕ್ಕೆರಡು ಸಲ, ಗಡಿಯಾರ ಏಳು ಹೊಡೆಯುತ್ತಿದ್ದಂತೆ, ಗಂಡ ಬೂಟಿನೊಳಗೆ ಕೈ ಹಾಕಿ ಏನೋ ತೆಗೆದುಕೊಂಡು ಬಚ್ಚಲುಮನೆ ಸೇರಿ ಚಿಲಕ ಹಾಕುತ್ತಾರೆ. ಆ ಬೂಟಿನೊಳಗೆ ತಾನೇ ಕೈ ಹಾಕಿ ನೋಡುವ ಧೈರ್ಯ ಆಕೆಗಿರಲಿಲ್ಲ. ಒಳಗಿಂದ ಗೊಣಗು ಕೇಳುತ್ತದೆ. ಒಂದು ಸಂಜೆ ಆಕೆ ಬಾಗಿಲಿಗೆ ಕಿವಿ ಇಟ್ಟಳು.

“ಒಂದು ಹಾಕ್ದೆ… ಆಚೆ ಚೆಲ್ಲಿ ಹೋಯ್ತು. ಇನ್ನೊಂದು ಹಾಕೋಣ… ಹಾ, ಒಳಗೆ ಹೋಯ್ತು. ಈಗ ಅದರದ್ದು ಒಂದು.”

ಹೊರಬಂದವರ ಕಣ್ಣು ಕೆಂಡದಂತಿತ್ತು, ಕೆನ್ನೆ ಒದ್ದೆಯಾಗಿತ್ತು, ಬಾಯಲ್ಲಿ ಏಲಕ್ಕಿ ಇತ್ತು. ಬಾಗಿಲ ಚೌಕಟ್ಟಿಗೆ ಎಡಭುಜ ತಾಗಿಸಿಕೊಂಡೇ ಹೊರಬಂದರು.

ಆಕೆ ಪಕ್ಕದ ಮನೆಗೆ ಹೋದಳು. ಪಕ್ಕದ ಮನೆಯಾಕೆಯ ಗಂಡ ಬಡಗಿ. ವಾರಕ್ಕೆರಡು ಸಲ ಮುಚ್ಚುಮರೆಯಿಲ್ಲದೆ ಕುಡಿಯುವವನು. ಹಾಗಾಗಿ ಈ ವಿಷಯದಲ್ಲಿ ಅವಳ ಮಾತಿಗೆ ಬೀದಿಯಲ್ಲೇ ಬೆಲೆಯಿತ್ತು. ಏಲಕ್ಕಿ ಜಗೀತಾರಾ, ಚಿಲಕ ಹಾಕ್ಕೋತಾರಾ, ಹೊತ್ತು ಸರಿಯಾಗಿ ಬೇಕೇ ಬೇಕಾ ಎಂದು ಒಂದೊಂದೇ ಕೇಳಿ, ಎಲ್ಲಕ್ಕೂ ಹೌದೆಂಬ ಉತ್ತರ ಬಂದಾಗ ಅವಳು ಒಲೆ ಆರಿಸಿ ಬಂದು ಎದುರು ಕೂತಳು.

“ಬಚ್ಚಿಟ್ಟು ಕುಡಿಯೋದು ಬಹಳ ಅಪಾಯ ಅಕ್ಕಾ. ನಮ್ಮೋರು ಎದುರಿಗೇ ಕುಡೀತಾರೆ, ಬೈದು ಮಲಗಿಸ್ತೀನಿ. ನಿಮ್ಮೋರು ಒಳ್ಳೆಯವರು ನೋಡಿ, ಅದಕ್ಕೇ ಬೇಗ ಹಾಳಾಗ್ತಾರೆ.” ರೆಪ್ಪೆ ಮಾತ್ರ ಹಾಗೆ ಬೆಳೆದಿರುವುದು ಯಾಕೆಂದು ತನಗೂ ತಿಳಿಯದು ಎಂದು ಒಪ್ಪಿಕೊಂಡಳು.

ಇತ್ತ ಮುದ್ರಣಾಲಯದಲ್ಲಿ ಒಂದು ಮಧ್ಯಾಹ್ನ ಒತ್ತಕ್ಷರದವರು ಆಗಷ್ಟೇ ತಿದ್ದಿದ ಹಾಳೆಯ ಮೇಲೆ ಕೆನ್ನೆ ಇಟ್ಟು ನಿದ್ದೆ ಹೋದರು. ಮಾಲೀಕರು ಕರೆಕಳಿಸಿದಾಗ ಗಾಬರಿಯಲ್ಲಿ ಎದ್ದು ಹಾಗೇ ಹೋದರು. ‘ಇದನ್ನು ತೆಗೆಯಿರಿ’ ಎಂದು ಸೂಚಿಸಲು ಅವರೇ ಹಾಕಿದ್ದ ಕೆಂಪು ಸುರುಳಿಯ ಗುರುತು ಅವರ ಎಡಗೆನ್ನೆಯ ಮೇಲೆ ಸ್ಪಷ್ಟವಾಗಿ ಮೂಡಿತ್ತು. ಮಾಲೀಕರು ಅದನ್ನು ಓದಿಕೊಂಡು ನಿಟ್ಟುಸಿರಿಟ್ಟರು. ಅವರು ಕೆಟ್ಟವರಲ್ಲ, ಬಾಗಿಲು ಹಾಕಿಸಿ, ನೀರು ತರಿಸಿ, ಆಮೇಲೆ ಕೇಳಿದರು.

“ನಿಜ ಹೇಳಬೇಕು. ಕಣ್ಣಿಗೇನಾದ್ರೂ ಆಗಿದೆಯಾ? ಇಲ್ಲಾ, ಆ ಅಭ್ಯಾಸ ಏನಾದ್ರೂ ಅಂಟ್ಕೊಂಡಿದೆಯಾ?”

ಒತ್ತಕ್ಷರದವರು ಬಾಯಿ ತೆರೆದರು. ಸತ್ಯ ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಾಲಿಗೆ ಒಣಗಿತ್ತು. ಅವರು ನೀರಿಗೆ ಕೈ ಚಾಚಿದ ಅಷ್ಟು ಹೊತ್ತಿನಲ್ಲಿ ಮಾಲೀಕರು ಮುಂದುವರಿಸಿಬಿಟ್ಟರು.

“ಅಭ್ಯಾಸ ಆದ್ರೆ ಬಿಡಿಸಬಹುದು ಬಿಡಿ. ನಮ್ಮ ಸೋದರಮಾವ ನಿಮಗಿಂತ ಮುಂಚೆ ಅದೇ ಕುರ್ಚೀಲಿ ಕುಡಿದೇ ಕೂತಿರ್ತಿದ್ರು, ಒಂದು ಸೊನ್ನೆ ಬಿಟ್ಟವರಲ್ಲ. ಕಣ್ಣೇ ಹೋಯ್ತು ಅಂದ್ರೆ ನಾನಾದ್ರೂ ಏನು ಮಾಡ್ಲಿ, ನೀವೇ ಹೇಳಿ.”

“ಅಭ್ಯಾಸ,” ಎಂದರು ಒತ್ತಕ್ಷರದವರು.

ಮಾಲೀಕರ ಮುಖದಲ್ಲಿ ಎಷ್ಟು ನೆಮ್ಮದಿ ಕಾಣಿಸಿತೆಂದರೆ, ಇವರಿಗೆ ತಾವು ಏನೋ ಉಪಕಾರ ಮಾಡಿದೆವೆಂದೇ ಅನಿಸಿತು. ಜೀವನದಲ್ಲಿ ಒಂದು ತೊಟ್ಟು ಕುಡಿಯದ ಮನುಷ್ಯ ಹೀಗೆ ಒಂದೇ ಶಬ್ದದಲ್ಲಿ, ಕಾಗುಣಿತದ ತಪ್ಪಿಲ್ಲದೆ, ಕುಡುಕನಾದ.

ಅದೇ ಸಂಜೆ ಡ್ರಿಲ್ ಮೇಷ್ಟ್ರು ತಂಗಿಯ ಮನೆಗೆ ಬಂದರು. ಮಾಲೀಕರು ಅವರಿಗೆ, ಅವರು ತಂಗಿಗೆ ಹೇಳಿಯಾಗಿತ್ತು. ಆಕೆ ಅಡುಗೆಮನೆಯ ಬಾಗಿಲಲ್ಲಿ ಸೆರಗಿನಿಂದ ಬಾಯಿ ಮುಚ್ಚಿ ನಿಂತಿದ್ದಳು. ಮೇಷ್ಟ್ರು ಕುರ್ಚಿಯನ್ನು ಎಳೆದು ಭಾವಮೈದುನನ ಮುಂದೆ ಹಾಕಿಕೊಂಡು ವಿಚಾರಣೆ ಶುರುಮಾಡಿದರು. ಒತ್ತಕ್ಷರದವರಿಗೆ ಬಂದ ತೊಂದರೆಯೆಂದರೆ, ಕುಡಿತದ ಬಗ್ಗೆ ಸುಳ್ಳು ಹೇಳಲು ಬೇಕಾದಷ್ಟು ತಿಳಿವಳಿಕೆಯೂ ಅವರಿಗಿರಲಿಲ್ಲ. ಯಾವುದರ ಹೆಸರೇನು, ಎಷ್ಟಕ್ಕೆ ಎಷ್ಟು ಅಮಲು, ಒಂದೂ ಗೊತ್ತಿಲ್ಲ. ಆದ್ದರಿಂದ ಗೊತ್ತಿದ್ದದ್ದನ್ನೇ ಹೇಳಿದರು.

“ದಿನಾ ಎಷ್ಟು ಹಾಕ್ತೀರಿ?”

“ಬೆಳಗ್ಗೆ ಒಂದು ಭಾವ. ಸಂಜೆ ಎರಡು.”

“ಬೆಳಗ್ಗೇನೂ ಬೇಕಾ?” ಮೇಷ್ಟ್ರ ದನಿ ತಗ್ಗಿತು. “ಯಾವಾಗಿಂದ?”

ಮೂರು ತಿಂಗಳಿಂದ ಎಂದು ಇವರು ಹೇಳಿದರು. ಒಂದು ದಿನವಾದರೂ ಬಿಡಬಹುದಲ್ಲ ಎಂದದ್ದಕ್ಕೆ, ಒಂದು ದಿನವೂ ತಪ್ಪುವ ಹಾಗಿಲ್ಲ, ಬಿಟ್ಟರೆ ಕಣ್ಣಿಗೆ ಕತ್ತಲೆ ಎಂದರು. ಕುಡಿದ ಮೇಲೆ ಸುಖವಾಗಿಯಾದರೂ ಇರುತ್ತದೆಯೇ ಎಂದು ಮೇಷ್ಟ್ರು ಸ್ವಲ್ಪ ಕುತೂಹಲದಿಂದಲೇ ಕೇಳಿದರು. ಉರಿಯುತ್ತದೆ, ಆಮೇಲೆ ಕಹಿ, ಆಮೇಲೆ ಏನೂ ಬೇಡವೆನಿಸುತ್ತದೆ ಎಂದು ಉತ್ತರ ಬಂತು. ನಲವತ್ತು ವರ್ಷ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿ ಕರುಣೆಯೇ ತೋರದಿದ್ದ ಡ್ರಿಲ್ ಮೇಷ್ಟ್ರು ಎದ್ದು ಹೋಗಿ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡರು.

ಊರ ಹೊರಗೆ ಕುಡಿತ ಬಿಡಿಸುವ ಶಿಬಿರವೊಂದಿತ್ತು. ಹತ್ತು ದಿನ. ಮಾಲೀಕರು ರಜೆ ಕೊಟ್ಟರು, ಮೇಷ್ಟ್ರು ಜೊತೆಗೆ ಹೊರಟರು, ಹೆಂಡತಿ ಚೀಲಕ್ಕೆ ಬಟ್ಟೆ ತುಂಬಿದಳು. ಒತ್ತಕ್ಷರದವರು ಕಾಲುಚೀಲವನ್ನು ಬಟ್ಟೆಯ ನಡುವೆ ಸೇರಿಸಿಕೊಂಡರು. ಹತ್ತು ದಿನ ಹೇಗೋ ಕಳೆದು ಬಂದರೆ ಕುಡಿತದ ಹೆಸರೂ ಹೋಗುತ್ತದೆ, ಕಣ್ಣಿನ ಸುದ್ದಿಯೂ ಹೊರಬೀಳುವುದಿಲ್ಲ ಎಂದು ಅವರ ಎಣಿಕೆ. ಹನಿ ಹಾಕುತ್ತಲೇ ಇದ್ದರೆ ಕಣ್ಣು ಮಾತ್ರ ಕೆಂಪಾಗಿಯೇ ಉಳಿಯುತ್ತದೆಂಬುದು ಆ ಎಣಿಕೆಯಲ್ಲಿ ಸೇರಿರಲಿಲ್ಲ.

ಶಿಬಿರದ ಬಾಗಿಲಲ್ಲೇ ಚೀಲ ಜಾಲಾಡಿದರು. ಕಾಲುಚೀಲದಿಂದ ಬಾಟಲಿಗಳು ಮೇಜಿನ ಮೇಲೆ ಉರುಳಿದವು. ಅದು ಔಷಧಿ ಎಂದು ಒತ್ತಕ್ಷರದವರು ಹೇಳಿದರು. ಕಾವಲಿನವನು ಬೇಸರವಿಲ್ಲದೆ ಹಿಂದಿನ ಕಪಾಟು ತೆರೆದು ತೋರಿಸಿದ. ಕೆಮ್ಮಿನ ಔಷಧಿ, ಹೊಟ್ಟೆನೋವಿನ ಔಷಧಿ, ತಲೆಗೆ ಹಚ್ಚುವ ಎಣ್ಣೆ, ಬಾಯಿ ಮುಕ್ಕಳಿಸುವ ನೀರು, ಸಾಲಾಗಿ ಮೂರು ಅಂತಸ್ತು. “ಇಲ್ಲಿಗೆ ಬರೋರೆಲ್ಲ ಔಷಧಿನೇ ತರೋದು ಸಾರ್,” ಎಂದ. ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು. ಕಣ್ಣಿನ ಔಷಧಿ ಎಂಬ ಎರಡು ಶಬ್ದ ಸಾಕಿತ್ತು, ಬಾಟಲಿಯ ಮೇಲೂ ಅದೇ ಬರೆದಿತ್ತು. ಆದರೆ ಅಷ್ಟು ಚಿಕ್ಕ ಅಕ್ಷರವನ್ನು ಓದಬಲ್ಲವರು ಅಲ್ಲಿ ಒಬ್ಬರೇ ಇದ್ದರು, ಅವರು ಬಾಯಿ ಬಿಡಲಿಲ್ಲ. ಬಾಟಲಿಗಳು ಕಪಾಟು ಸೇರಿದವು.

ಆಮೇಲೆ ನಡೆದದ್ದು ಅವರನ್ನೇ ಕಕ್ಕಾಬಿಕ್ಕಿ ಮಾಡಿತು. ನಾಲ್ಕನೇ ದಿನ ಕಣ್ಣಿನ ಕೆಂಪು ಇಳಿಯಿತು. ಐದನೇ ದಿನ ಬಾಯಿಗೆ ಅನ್ನದ ರುಚಿ ತಿಳಿಯಿತು. ಮಧ್ಯಾಹ್ನದ ತೂಕಡಿಕೆ ಮಾಯವಾಯಿತು. ಬೆಳಗಿನ ಕವಾಯತಿನಲ್ಲಿ ಮೈದಾನವನ್ನು ಮೂರು ಸುತ್ತು ಓಡಿ ಏದುಸಿರು ಬಿಡದೆ ನಿಂತರು. ಶಿಬಿರದ ಸಲಹೆಗಾರರು ಅವರನ್ನು ಉಳಿದವರ ಮುಂದೆ ನಿಲ್ಲಿಸಿ, ಮನಸ್ಸು ಮಾಡಿದರೆ ಮನುಷ್ಯ ಹೇಗಾಗಬಹುದು ನೋಡಿ ಎಂದು ಕಣ್ಣಿನ ರೆಪ್ಪೆ ಎತ್ತಿ ಬಿಳುಪು ತೋರಿಸಿದರು. ಬೀಳ್ಕೊಡುವ ದಿನ ವೇದಿಕೆಯ ಮೇಲೆ ಮಾತನಾಡಲು ಹೇಳಿದಾಗ ಒತ್ತಕ್ಷರದವರು ಒಂದು ಸುಳ್ಳನ್ನೂ ಹೇಳಲಿಲ್ಲ. ಅದು ದೇಹಕ್ಕೆ ಸೇರುತ್ತಿದ್ದಾಗ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ, ನಾಲಿಗೆ ಹೊರಳುತ್ತಿರಲಿಲ್ಲ, ಹೆಂಡತಿಯ ಜೊತೆ ಕೂತು ಮಾತಾಡುವ ಮನಸ್ಸೇ ಬರುತ್ತಿರಲಿಲ್ಲ. ಬಿಟ್ಟ ಹತ್ತು ದಿನದಲ್ಲಿ ಹತ್ತು ವರ್ಷ ಹಿಂದಕ್ಕೆ ಹೋದಂತಾಗಿದೆ ಎಂದರು. ಮುಂದಿನ ಸಾಲಿನವರು ಅತ್ತರು. ಪ್ರಮಾಣಪತ್ರ ಕೊಟ್ಟರು. ಅದರಲ್ಲಿ ಎರಡು ತಪ್ಪಿದ್ದವು, ತಿದ್ದಿಕೊಟ್ಟು ಬಂದರು.

ಬಾಟಲಿಗಳನ್ನು ವಾಪಸ್ ಕೇಳುವ ಧೈರ್ಯ ಬರಲಿಲ್ಲ.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ಅವರ ಕಣ್ಣನ್ನು ದಿಟ್ಟಿಸಿ ನೋಡಿದಳು. ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡಳು. ಅವತ್ತಿನಿಂದ ಆಕೆ ಪಾತ್ರೆ ಉಜ್ಜುವಾಗ ಗುನುಗತೊಡಗಿದಳು. ಪಕ್ಕದ ಮನೆಯಾಕೆ ಬಂದು ಶಿಬಿರದ ವಿಳಾಸ ಬರೆದುಕೊಂಡು ಹೋದಳು. ಮರುದಿನದಿಂದ ಬಡಗಿ ಒತ್ತಕ್ಷರದವರನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟತೊಡಗಿದ. ಮಾಲೀಕರು ಬೆನ್ನು ತಟ್ಟಿದರು. ಡ್ರಿಲ್ ಮೇಷ್ಟ್ರು ಹೋದಲ್ಲೆಲ್ಲ ತಂಗಿಯ ಗಂಡನನ್ನು ಉದಾಹರಣೆ ಕೊಟ್ಟರು. ತಮ್ಮ ಇಡೀ ಆಯುಸ್ಸಿನಲ್ಲಿ ಒತ್ತಕ್ಷರದವರು ಇಷ್ಟು ಗೌರವ ಕಂಡವರಲ್ಲ. ಕುಡಿಯದೆ ಐವತ್ನಾಲ್ಕು ವರ್ಷ ಬಾಳಿದ್ದಕ್ಕೆ ಯಾರೂ ಒಂದು ಮಾತು ಹೇಳಿರಲಿಲ್ಲ.

ಡಾಕ್ಟರಮ್ಮನ ಮಾತು ಅವರಿಗೆ ಮರೆತಿರಲಿಲ್ಲ. ನಾಳೆಯಿಂದ ಹಾಕಿಕೊಳ್ಳಬೇಕು ಎಂದು ದಿನವೂ ಅಂದುಕೊಂಡರು. ಒಂದು ಸಂಜೆ ಔಷಧಿ ಅಂಗಡಿಗೆ ಹೋಗಿ ಹೊಸ ಬಾಟಲಿ ತಂದು ಹಾಕಿಕೊಂಡೂ ಬಿಟ್ಟರು. ಊಟಕ್ಕೆ ಕೂತಾಗ ಹೆಂಡತಿ ಒಮ್ಮೆ ತಲೆಯೆತ್ತಿ ಅವರ ಕಣ್ಣು ನೋಡಿದಳು. ತನ್ನ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಎದ್ದು ಹೋದಳು. ಮರುದಿನ ಬೆಳಗ್ಗೆ ಒತ್ತಕ್ಷರದವರು ಬಾಟಲಿಯನ್ನು ಮುದ್ರಣಾಲಯದ ಹಿಂದಿನ ಚರಂಡಿಯಲ್ಲಿ ಬಿಸಾಡಿದರು. ಹೇಗೂ ನೋವಿಲ್ಲ, ಓದುವುದೆಲ್ಲ ಕಾಣುತ್ತಿದೆ, ಮೈ ಹಗುರವಾಗಿದೆ. ಇಷ್ಟು ಚೆನ್ನಾಗಿರುವವನಿಗೆ ರೋಗವಿದೆ ಎಂದರೆ ರೋಗವೇ ನಂಬುವುದಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಹೀಗೆ ಐದು ತಿಂಗಳು ಕಳೆಯಿತು.

ಆ ಐದು ತಿಂಗಳಲ್ಲಿ ಬಾಗಿಲ ಚೌಕಟ್ಟುಗಳು ಎಡಭುಜಕ್ಕೆ ಹೆಚ್ಚೆಚ್ಚು ತಾಗತೊಡಗಿದವು. ಎಡಗೈ ಪಕ್ಕದ ಲೋಟಗಳು ಉರುಳಿದವು. ಎಡದಿಂದ ಬಂದ ಸೈಕಲ್ಲಿನವನು ಬೈದು ಹೋದ. ಹೆಂಡತಿ ಅವರ ಬಾಯಿಯ ವಾಸನೆ ನೋಡಿ ಸಮಾಧಾನಪಟ್ಟುಕೊಂಡಳು.

ಆಮೇಲೆ ಸಹಕಾರ ಸಂಘದ ವಾರ್ಷಿಕ ವರದಿ ಬಂತು. ಅದರ ಅಧ್ಯಕ್ಷರು ಮೂರನೇ ಬಾರಿಗೆ ಅವಿರೋಧವಾಗಿ ಆಯ್ಕೆಯಾಗಿದ್ದರು. ಆ ಶಬ್ದ ಸಾಲಿನ ಆರಂಭದಲ್ಲಿ, ಎಡ ಅಂಚಿಗೆ ಸರಿಯಾಗಿ ಕೂತಿತ್ತು, ಮತ್ತು ಅದರ ಮೊದಲ ಅಕ್ಷರ ಟೈಪು ಮಾಡುವಾಗಲೇ ಬಿದ್ದುಹೋಗಿತ್ತು. ಎರಡು ಸಾವಿರ ಪ್ರತಿಗಳಲ್ಲಿ ಅಧ್ಯಕ್ಷರು ಮೂರನೇ ಬಾರಿಗೆ ವಿರೋಧವಾಗಿ ಆಯ್ಕೆಯಾದರು. ನಿಜಸಂಗತಿಯೂ ಹಾಗೇ ಇತ್ತೆಂದು ಸಂಘದವರೇ ಗುಟ್ಟಾಗಿ ನಗುತ್ತಿದ್ದದ್ದರಿಂದ ಅಧ್ಯಕ್ಷರಿಗೆ ಇನ್ನಷ್ಟು ಸಿಟ್ಟು ಬಂದು, ವರದಿಯ ಕಟ್ಟನ್ನು ಮಾಲೀಕರ ಮೇಜಿನ ಮೇಲೆ ಎತ್ತಿ ಕುಕ್ಕಿ ಹೋದರು.

ಮಾಲೀಕರು ಒತ್ತಕ್ಷರದವರನ್ನು ಕರೆಸಿ ಹತ್ತಿರ ನಿಲ್ಲಿಸಿಕೊಂಡರು. ಬಾಯಿಯ ವಾಸನೆ ನೋಡಿದರು. ಇಲ್ಲ. ಕಣ್ಣು ನೋಡಿದರು. ತೊಳೆದಿಟ್ಟ ಬಟ್ಟೆಯಂತೆ ಬೆಳ್ಳಗಿತ್ತು. ಮಾಲೀಕರ ಮುಖ ಮೆಲ್ಲಗೆ ಬಾಡಿತು. ಮೇಜಿನ ಮೇಲಿದ್ದ ಅಡಿಪಟ್ಟಿಯನ್ನು ತೆಗೆದುಕೊಂಡು ಅವರ ಎಡಗಿವಿಯ ಪಕ್ಕದಿಂದ ನಿಧಾನವಾಗಿ ಮುಂದಕ್ಕೆ ತಂದರು. ಅಡಿಪಟ್ಟಿ ಮೂಗಿನ ಹತ್ತಿರ ಬರುವವರೆಗೂ ಒತ್ತಕ್ಷರದವರು ಮಾಲೀಕರನ್ನೇ ವಿನಯದಿಂದ ನೋಡುತ್ತಿದ್ದರು.

“ಕುಡಿದಿದ್ರೆ ಚೆನ್ನಾಗಿತ್ತಲ್ಲ,” ಎಂದರು ಮಾಲೀಕರು. ಬೈದಂತೆ ಕೇಳಿಸಲಿಲ್ಲ.

ಅವರೇ ಮನೆಗೆ ಫೋನು ಮಾಡಿದರು. ಮಧ್ಯಾಹ್ನಕ್ಕೆ ಹೆಂಡತಿ, ಡ್ರಿಲ್ ಮೇಷ್ಟ್ರು, ಒತ್ತಕ್ಷರದವರು ಮೂವರೂ ಡಾಕ್ಟರಮ್ಮನ ಮುಂದೆ ಕೂತಿದ್ದರು. ಮತ್ತೆ ಕತ್ತಲೆಯ ಪೆಟ್ಟಿಗೆ, ಮತ್ತೆ ಗುಂಡಿ. ಈ ಸಲ ಒತ್ತಕ್ಷರದವರು ಬಹಳ ಹೊತ್ತು ಗುಂಡಿ ಒತ್ತದೆ ಸುಮ್ಮನೆ ಕಾದಿರುವುದು ಹೊರಗಿನವರಿಗೂ ತಿಳಿಯುತ್ತಿತ್ತು. ಡಾಕ್ಟರಮ್ಮ ಎರಡು ಹಾಳೆಗಳನ್ನು ಮೇಜಿನ ಮೇಲಿಟ್ಟರು, ಹಳೆಯದು ಮತ್ತು ಹೊಸದು. ಹಳೆಯದರಲ್ಲಿ ಎಡಗಣ್ಣಿನ ವೃತ್ತದ ಅಂಚಿಗೆ ಒಂದಿಷ್ಟು ಮಸಿ ಇತ್ತು. ಹೊಸದರಲ್ಲಿ ವೃತ್ತವೆಲ್ಲ ಮಸಿ, ನಡುವೆ ನಾಣ್ಯದಷ್ಟು ಬಿಳಿ. ಹಾಳೆಯನ್ನು ಓದಿ ಹೇಳಲು ಯಾರ ಸಹಾಯವೂ ಬೇಕಿರಲಿಲ್ಲ.

“ಅಷ್ಟು ಹೇಳಿದ್ನಲ್ಲ, ಹನಿ ಯಾಕೆ ಬಿಟ್ರಿ?”

“ಬಿಡಿಸಿದ್ರು,” ಎಂದರು ಒತ್ತಕ್ಷರದವರು, ಮಗುವಿನ ಹಾಗೆ.

ಯಾರು ಎಂದು ಡಾಕ್ಟರಮ್ಮ ಗಡುಸಾಗಿ ಕೇಳಿದರು. ಡ್ರಿಲ್ ಮೇಷ್ಟ್ರು ಕುರ್ಚಿಯಿಂದ ಎದ್ದು, ಅಭ್ಯಾಸಬಲದಿಂದ ಕೈ ಪಕ್ಕಕ್ಕೆ ಇಳಿಬಿಟ್ಟು ನೆಟ್ಟಗೆ ನಿಂತರು. ಆದರೆ ಮಾತಾಡಿದ್ದು ಅವರ ತಂಗಿ. ಆಕೆ ಇನ್ನೂ ಡಾಕ್ಟರಮ್ಮ ಕೈಗೆ ಕೊಟ್ಟಿದ್ದ, ಹನಿ ಬಾಟಲಿಯ ಚಿತ್ರವಿದ್ದ ಚೀಟಿಯನ್ನೇ ನೋಡುತ್ತಿದ್ದಳು.

“ನಾನೇ. ಬಿಡಿಸಿಬಿಟ್ಟೆ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದೆ.”

ಡಾಕ್ಟರಮ್ಮನಿಗೆ ಒಂದೂ ಅರ್ಥವಾಗಲಿಲ್ಲ. ಅರ್ಥ ಮಾಡಿಸುವ ಶಕ್ತಿ ಮೂವರಲ್ಲಿ ಯಾರಿಗೂ ಇರಲಿಲ್ಲ. ಹೋದದ್ದು ಹೋಯಿತು, ಬಲಗಣ್ಣು ಇನ್ನೂ ಬಹುಪಾಲು ಉಳಿದಿದೆ, ಅದನ್ನಾದರೂ ಕಾಪಾಡಿಕೊಳ್ಳಿ ಎಂದು ಆಕೆ ಹೇಳಿದರು. ಉಸಿರು ಕಟ್ಟಿಸುತ್ತಿದ್ದ ಬಾಟಲಿಯನ್ನು ಬದಲಾಯಿಸಿದರು. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿದರೆ ಅದು ಗಂಟಲಿಗೆ, ಮೈಗೆ ಇಳಿಯುವುದು ಬಹಳ ಕಡಿಮೆಯಾಗುತ್ತದೆ ಎಂದು ಒತ್ತಿ ತೋರಿಸಿದರು. ಕಣ್ಣಿನ ಕೆಂಪು ಮಾತ್ರ ಇದ್ದೇ ಇರುತ್ತದೆ ಎಂದರು. ಮೆಟ್ಟಿಲಲ್ಲಿ ನಿಂತದ್ದು, ತೂಕಡಿಸಿದ್ದು, ಅರ್ಧಕ್ಕರ್ಧ ಎರಡು ನಿಮಿಷ ಒತ್ತಿದ್ದರೆ ಆಗುತ್ತಿರಲಿಲ್ಲ ಎಂದು ಒತ್ತಕ್ಷರದವರಿಗೆ ಅಲ್ಲಿ ಕೂತು ತಿಳಿಯಿತು.

ಮನೆಗೆ ನಡೆದುಕೊಂಡು ಬಂದರು. ಮೇಷ್ಟ್ರು ಹತ್ತು ಹೆಜ್ಜೆ ಹಿಂದೆ ಉಳಿದರು.

“ನನಗೊಂದು ಮಾತು ಹೇಳೋಕೆ ಆಗ್ಲಿಲ್ವಾ ನಿಮಗೆ?”

ಕನ್ನಡಕ ಹಾಕಿಕೊಂಡದ್ದಕ್ಕೇ ನಿನ್ನನ್ನು ಅಷ್ಟು ಆಡಿಕೊಂಡಿದ್ದೆನಲ್ಲ, ಯಾವ ಬಾಯಲ್ಲಿ ಹೇಳಲಿ ಎಂದು ಅವರು ಗೊಣಗಿದರು. ಆಕೆ ನಿಂತಳು. ಅದು ತನಗೆ ನೆನಪೇ ಇರಲಿಲ್ಲ ಎಂದಳು. ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಮಾತಾಡಿದಳು.

“ಕುಡುಕನ ಹೆಂಡತಿ ಅಂತ ಅಷ್ಟು ದಿನ ತಲೆ ತಗ್ಗಿಸ್ಕೊಂಡು ಓಡಾಡ್ದೆ ರೀ. ಅದು ಹೋಗ್ಲಿ ಅನ್ನಿ. ಆಮೇಲೆ ಐದು ತಿಂಗಳು ತಲೆ ಎತ್ಕೊಂಡು ಓಡಾಡಿದ್ನಲ್ಲ, ಅದನ್ನ ಏನು ಮಾಡ್ಲಿ?”

ಒತ್ತಕ್ಷರದವರು ಆಕೆ ತಮಗೆ ಕಾಣುವಂತೆ ಆಕೆಯ ಎಡಬದಿಗೆ ಬಂದು ನಡೆದರು.

ಮಾಲೀಕರು ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಕೆಳಗಿನ ಕೌಂಟರಿನಲ್ಲಿ ಕೂರಿಸಿದರು. ಮದುವೆ, ಸಾವು, ಅಂಗಡಿ ಉದ್ಘಾಟನೆ ಎಂದು ಬರುವವರ ಹತ್ತಿರ ಹೆಸರು ಕೇಳಿ ಬರೆದುಕೊಳ್ಳುವುದು ಈಗಿನ ಕೆಲಸ. ಮೇಲಿನ ಕುರ್ಚಿಗೆ ಇಪ್ಪತ್ತೇಳು ವರ್ಷದ ಹೆಣ್ಣುಮಗಳೊಬ್ಬಳು ಬಂದಿದ್ದಾಳೆ, ದಪ್ಪ ಕನ್ನಡಕ. ಮೊದಲ ವಾರವೇ ಕೌಂಟರಿನಿಂದ ಹೋದ ಚೀಟಿಯೊಂದರಲ್ಲಿ ಒತ್ತು ತಪ್ಪಿದೆ ಎಂದು ಮೇಲಿಂದ ವಾಪಸ್ ಕಳಿಸಿದಳು. ಒತ್ತಕ್ಷರದವರು ಅದನ್ನು ನಾಲ್ಕು ಸಲ ತಿರುಗಿಸಿ ನೋಡಿದರು. ತಪ್ಪಿತ್ತು.

ಡ್ರಿಲ್ ಮೇಷ್ಟ್ರು ಈವರೆಗೆ ಕ್ಷಮೆ ಕೇಳಿಲ್ಲ. ಅದರ ಅಭ್ಯಾಸವೂ ಅವರಿಗಿಲ್ಲ. ಆದರೆ ದಿನವೂ ಎಂಟೂವರೆಗೆ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಭಾವಮೈದುನನ ಎಡಗಡೆ ಅರ್ಧ ಹೆಜ್ಜೆ ಮುಂದೆ ನಡೆಯುತ್ತಾ, ಎದುರು ಬರುವ ಸೈಕಲ್ಲುಗಳನ್ನು ಕೈ ಅಡ್ಡ ಹಿಡಿದು ನಿಲ್ಲಿಸುತ್ತಾ, ಮುದ್ರಣಾಲಯದವರೆಗೆ ಬಿಟ್ಟು ಬರುತ್ತಾರೆ.

ಕಣ್ಣು ಮತ್ತೆ ಕೆಂಪಾದದ್ದನ್ನು ಬೀದಿ ಒಂದೇ ದಿನದಲ್ಲಿ ಕಂಡುಕೊಂಡಿತು. ಹೆಂಡತಿ ಮನೆಮನೆಗೆ ಹೋಗಿ ಡಾಕ್ಟರ ಚೀಟಿ ತೋರಿಸಿ, ಅದು ಕುಡಿತವಲ್ಲ, ಔಷಧಿ, ಮೊದಲೂ ಔಷಧಿಯೇ ಆಗಿತ್ತು ಎಂದು ವಿವರಿಸಿದಳು. ಎಲ್ಲರೂ ಚೀಟಿಯನ್ನು ತಲೆಕೆಳಗೆ ಹಿಡಿದು ನೋಡಿ, ಪಾಪ ಎಂದು ತಲೆಯಾಡಿಸಿ, ಆಕೆ ಗಂಡನನ್ನು ಎಷ್ಟು ಚೆನ್ನಾಗಿ ಮುಚ್ಚಿಟ್ಟುಕೊಳ್ಳುತ್ತಾಳೆಂದು ಮೆಚ್ಚಿಕೊಂಡರು. ನಾಲ್ಕನೇ ಮನೆಯಿಂದ ಆಕೆ ಚೀಟಿ ಮಡಚಿಕೊಂಡು ವಾಪಸ್ ಬಂದಳು.

ಬೆಳಗ್ಗೆ ಏಳಕ್ಕೆ ಈಗ ಚಿಲಕವಿಲ್ಲ. ಒತ್ತಕ್ಷರದವರು ಕಿಟಕಿಯ ಪಕ್ಕದ ಮಂಚದ ಮೇಲೆ ಅಂಗಾತ ಮಲಗುತ್ತಾರೆ. ಹೆಂಡತಿ ಕನ್ನಡಕ ಸರಿಮಾಡಿಕೊಂಡು, ರೆಪ್ಪೆ ಎಳೆದು, ಹನಿ ಬಿಟ್ಟು, ಎರಡೂ ತೋರುಬೆರಳಿನಿಂದ ಮೂಲೆ ಒತ್ತಿ ಹಿಡಿದು ಗಡಿಯಾರ ನೋಡುತ್ತಾ ಕೂರುತ್ತಾಳೆ. ಉಳಿದಿರುವ ಕಣ್ಣಿಗೂ ಹಾಕುತ್ತಾಳೆ, ಹೋದದ್ದಕ್ಕೂ ಹಾಕುತ್ತಾಳೆ. ಅದರಲ್ಲಿರುವ ನಾಣ್ಯದಷ್ಟು ಬೆಳಕನ್ನೂ ಬಿಟ್ಟುಕೊಡಲು ಆಕೆ ತಯಾರಿಲ್ಲ.

ಒಂದು ಬೆಳಗ್ಗೆ ಹಾಗೆ ಕೂತಿದ್ದಾಗ ಪಕ್ಕದ ಮನೆಯಾಕೆ ಕಿಟಕಿಯ ಸರಳು ಹಿಡಿದು ಒಳಗೆ ಇಣುಕಿದಳು. ಅವಳ ಬಡಗಿ ಹಿಂದಿನ ದಿನವಷ್ಟೇ ಶಿಬಿರಕ್ಕೆ ಹೋಗಿದ್ದ. ಮಂಚದ ಮೇಲೆ ಕೆಂಪು ಕಣ್ಣು ಮುಚ್ಚಿ ಬಿದ್ದಿದ್ದವರನ್ನು, ಅವರ ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರನ್ನು, ಮುಖ ಹಿಡಿದು ಕೂತಿದ್ದ ಆಕೆಯನ್ನು ನೋಡಿ ಅವಳ ದನಿ ಮೆತ್ತಗಾಯಿತು.

“ಮತ್ತೆ ಶುರು ಮಾಡ್ಕೊಂಡುಬಿಟ್ರಲ್ಲ ಅಕ್ಕಾ. ಅಷ್ಟು ಚೆನ್ನಾಗಿ ಬಿಟ್ಟಿದ್ರು.”

ಎರಡು ನಿಮಿಷಕ್ಕೆ ಇನ್ನೂ ಅರ್ಧ ನಿಮಿಷ ಬಾಕಿಯಿತ್ತು. ಹೆಂಡತಿ ಬೆರಳು ತೆಗೆಯಲಿಲ್ಲ, ಗಡಿಯಾರದಿಂದ ಕಣ್ಣನ್ನೂ ಕೀಳಲಿಲ್ಲ.

“ಬಿಟ್ಟು ನೋಡಿದ್ವಿ,” ಎಂದಳು. “ಬಿಟ್ಟಿದ್ದೇ ಅವರ ಮೈಗೆ ಆಗ್ಲಿಲ್ಲ.”